ಟೀ ಆರ್ ಕಾಫಿ ಎಂದರೆ ನಮ್ಮ ದಾದಿಗೆ ಎರಡೂ

ನಮ್ಮ ದಾದಿಗೆ ಇಂಗ್ಲಿಷ್ ಬರುವುದಿಲ್ಲ. ಹೋದ ವರ್ಷ ಬೆಂಗಳೂರಿನಿಂದ ಬಂದಿದ್ದ ಚಾಚಾ ಅವರ ಮಗ, ಎರಡನೇ ಕ್ಲಾಸಿನವನು, ಬಲು ಪ್ರೀತಿಯಿಂದ "ದಾದಿ, ಟೀ ಆರ್ ಕಾಫಿ?" ಎಂದು ಕೇಳಿದ. ದಾದಿ ಅದನ್ನು ಉರ್ದುವಿನ "ಔರ್" ಎಂದು ಕೇಳಿಸಿಕೊಂಡರು. "ದೋನೋ ಕಾಯ್ಕು ಬೇಟಾ, ಏಕಿಚ್ ಬಸ್" ಎಂದರು. ಎರಡೂ ಯಾಕಪ್ಪ, ಒಂದೇ ಸಾಕು ಅಂತ. ಹುಡುಗನಿಗೆ ಒಂದಕ್ಷರ ಅರ್ಥವಾಗಲಿಲ್ಲ. ನಾವೆಲ್ಲ ನಕ್ಕೆವು. ನಗಬಾರದಿತ್ತು ಅಂತ ಈಗ ಅನಿಸುತ್ತಿದೆ.

ಈಗ ಯಾಕೆ ನೆನಪಾಯಿತು ಎಂದರೆ, ನನ್ನ ಖಾಲಾ ಅವರ ಮಗ ಲಿಥುವೇನಿಯಾದ ಕೌನಸ್ ನಗರದಲ್ಲಿ ಮೆಡಿಕಲ್ ಓದುತ್ತಿದ್ದಾರೆ. ಅವರು ಬಾಡಿಗೆಗಿರುವ ಮನೆಯ ಅಜ್ಜಿಗೆ ಅರವತ್ತು ದಾಟಿದೆ. ಆ ಅಜ್ಜಿ ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದಾರೆ. ಅವರು ಶಾಲೆಗೆ ಹೋಗುವಾಗ ಅಲ್ಲಿ ಸೋವಿಯತ್ ಆಡಳಿತ, ಕಲಿತ ಪರಭಾಷೆ ರಷ್ಯನ್. ದೇಶ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1990ರ ಮಾರ್ಚ್‌ನಲ್ಲಿ, ಯುರೋಪಿಯನ್ ಯೂನಿಯನ್ ಸೇರಿದ್ದು 2004ರಲ್ಲಿ. ಆಮೇಲೆ ತುಂಬಾ ಜನ ಕೆಲಸಕ್ಕೆಂದು ಇಂಗ್ಲೆಂಡ್, ಐರ್ಲೆಂಡ್ ಕಡೆ ಹೋದರು. ಈ ಅಜ್ಜಿಯ ಮಗಳೂ ಐರ್ಲೆಂಡ್‌ಗೆ ಹೋದವರು. ಮೊಮ್ಮಗ ಅಲ್ಲೇ ಹುಟ್ಟಿದ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬರುತ್ತಾನೆ, ಮಾತಾಡುವುದು ಇಂಗ್ಲಿಷ್ ಮಾತ್ರ. ಅಜ್ಜಿಗೆ ಇಂಗ್ಲಿಷ್ ಬೇಕಾಗಿರುವುದು ನೌಕರಿಗಲ್ಲ, ಪರೀಕ್ಷೆಗಲ್ಲ. ಸ್ವಂತ ಮೊಮ್ಮಗನನ್ನು ಕೂರಿಸಿಕೊಂಡು "ನಿನಗೆ ಸೂಪ್ ಬೇಕಾ, ಬ್ಲೀನಾಯ್ ಬೇಕಾ?" ಎಂದು ಕೇಳುವುದಕ್ಕೆ. ಬ್ಲೀನಾಯ್ ಎಂದರೆ ಅವರ ಕಡೆಯ ತೆಳು ದೋಸೆಯಂಥ ತಿಂಡಿ.

ಸಂಜೆ ಭಾಯಿ ಅವರಿಗೆ ಪಾಠ ಹೇಳಿಕೊಡುತ್ತಾರೆ. ವಿಡಿಯೋ ಕಾಲ್‌ನಲ್ಲಿ ನಾನೂ ಎರಡು ಮೂರು ಸಲ ಕೂತಿದ್ದೇನೆ. ಅಜ್ಜಿ ಮಾಡುವ ತಪ್ಪು ಒಂದೇ, ಆದರೆ ಬಹಳ ಸ್ವಾರಸ್ಯದ್ದು. ಲಿಥುವೇನಿಯನ್ ಭಾಷೆಯಲ್ಲಿ ಹೌದು-ಇಲ್ಲ ಉತ್ತರದ ಪ್ರಶ್ನೆ "ಆರ್" ಎಂಬ ಪದದಿಂದ ಶುರುವಾಗುತ್ತದೆ, ಉರ್ದುವಿನಲ್ಲಿ "ಕ್ಯಾ" ಇದ್ದ ಹಾಗೆ. ಎರಡರಲ್ಲಿ ಒಂದನ್ನು ಆರಿಸು ಎಂದು ಕೇಳುವಾಗ ಮಧ್ಯದಲ್ಲೂ ಮತ್ತೆ ಅದೇ "ಆರ್". "ಆರ್ ನೋರಿ ಸ್ರಿಯುಬೋಸ್ ಆರ್ ಬ್ಲೀನೂ?" ಪ್ರಶ್ನೆಯಲ್ಲದ ಸಾದಾ ವಾಕ್ಯಕ್ಕೆ ಮಾತ್ರ "ಅರ್ಬಾ" ಎಂಬ ಬೇರೆ ಪದವಿದೆ. ಇದನ್ನೇ ಇಂಗ್ಲಿಷ್‌ಗೆ ತಂದರೆ "ಆರ್ ಯೂ ವಾಂಟ್ ಸೂಪ್ ಆರ್ ಪ್ಯಾನ್‌ಕೇಕ್?" ಆಗುತ್ತದೆ. "ಡೂ" ಬರಬೇಕಾದ ಜಾಗದಲ್ಲಿ ಅವರ ಮನೆಯ "ಆರ್" ಬಂದು ಕೂತಿರುತ್ತದೆ.

ಪುಸ್ತಕ ಇದನ್ನು ತಪ್ಪು ಎಂದು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತದೆ. ನನಗೆ ಒಪ್ಪಿಗೆಯಿಲ್ಲ. ಅಜ್ಜಿಗೆ ಆಯ್ಕೆಯ ಪ್ರಶ್ನೆ ಗೊತ್ತಿಲ್ಲ ಅಂತ ಅಲ್ಲ, ಚೆನ್ನಾಗಿಯೇ ಗೊತ್ತು. ಕನ್ನಡವೂ ಹೀಗೇ ತಾನೆ? "ಟೀ ಬೇಕಾ?" ಎಂಬಲ್ಲಿ ಇರುವ "ಆ" ಅನ್ನೇ ಎರಡು ಸಲ ಇಟ್ಟರೆ "ಟೀ ಬೇಕಾ, ಕಾಫಿ ಬೇಕಾ?" ಆಯಿತು. "ಅಥವಾ" ಎಂಬ ಪದವನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ, ಅಡುಗೆಮನೆಯಲ್ಲಿ ಯಾರು ಹೇಳುತ್ತಾರೆ? ನಮ್ಮ ಮನೆಯ ದಖನಿಯಲ್ಲಿ "ಚಾ ಹೋನಾ ಕ್ಯಾ ಕಾಫಿ ಹೋನಾ?" ಅಷ್ಟೇ. ಮನೆಮಾತನ್ನು ಬಾಗಿಲಾಚೆ ಬಿಟ್ಟು ಬನ್ನಿ ಎನ್ನುವ ಬದಲು, ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಕೇಳುತ್ತೀರಿ ಎಂದು ಪಾಠ ಶುರು ಮಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಉಳಿದದ್ದು ಸ್ವರ. ಇಂಗ್ಲಿಷ್‌ನಲ್ಲಿ "ಟೀ" ಎನ್ನುವಾಗ ದನಿ ಏರಬೇಕು, "ಕಾಫಿ" ಎನ್ನುವಾಗ ಇಳಿಯಬೇಕು. ಎರಡಕ್ಕೂ ಏರಿಸಿದರೆ ಏನಾದರೂ ಕುಡಿಯುತ್ತೀರಾ ಎಂದಷ್ಟೇ ಅರ್ಥ. ಅಜ್ಜಿ ಹಾಗೆ ಏರಿಸಿ ಕೇಳಿದರು, ಭಾಯಿ "ಯೆಸ್" ಎಂದರು, ಎರಡು ಲೋಟ ಬಂತು!

ಊಟದ ಪದಗಳದ್ದು ಇನ್ನೊಂದು ಕಥೆ. ಅಜ್ಜಿಯ ಪುಸ್ತಕದಲ್ಲಿ ಚಿತ್ರಕ್ಕೊಂದು ಪದ. ಬಿಳಿ ಬ್ರೆಡ್ಡಿನ ಚಿತ್ರ, ಕೆಳಗೆ "ಬ್ರೆಡ್". ಆದರೆ ಅವರಿಗೆ ರೈ ಧಾನ್ಯದ ಕಪ್ಪು ರೊಟ್ಟಿ "ದುವೊನಾ", ಅಂಗಡಿಯ ಬಿಳಿ ಬ್ರೆಡ್ "ಬತೋನಸ್". ಎರಡೂ ಒಂದೇ ಎಂದರೆ ಅವರು ಹೇಗೆ ಒಪ್ಪುತ್ತಾರೆ? ಭತ್ತ, ಅಕ್ಕಿ, ಅನ್ನ ಮೂರಕ್ಕೂ "ರೈಸ್" ಎಂದಾಗ ನಮಗೆ ಆಗುವುದೂ ಇದೇ. ಹುಳಿ ಚೆರ್ರಿಗೆ ಒಂದು ಹೆಸರು, ಸಿಹಿ ಚೆರ್ರಿಗೆ ಇನ್ನೊಂದು, ಕಾಡಿನ ಸ್ಟ್ರಾಬೆರಿಗೆ ಮತ್ತೊಂದು. ಒಂದೇ ಹಾಗೆ ಕೇಳಿಸಿ ಮೋಸ ಮಾಡುವ ಪದಗಳೂ ಇವೆ. ಅವರ "ಬಿಸ್ಕ್ವಿತಸ್" ಬಿಸ್ಕತ್ತಲ್ಲ, ಸ್ಪಂಜ್ ಕೇಕ್. "ಮರ್ಮೆಲಾದಸ್" ಜಾಮ್ ಅಲ್ಲ, ಜೆಲ್ಲಿ ಮಿಠಾಯಿ. ಅವರ "ಕೊತ್ಲೆತಸ್" ಮಾತ್ರ ನಮ್ಮ ಬೇಕರಿಯ ಕಟ್ಲೆಟ್‌ಗೆ ಹತ್ತಿರ, ಖೀಮಾ ತಟ್ಟಿ ಕರಿದದ್ದು. ಅಂದಹಾಗೆ ದುವೊನಾ ಎಂಬ ಪದಕ್ಕೂ ಸಂಸ್ಕೃತದ ಧಾನಾಕ್ಕೂ ನಾವು ದಿನಾ ಹೇಳುವ ಫಾರ್ಸಿಯ "ದಾನಾ"ಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಇದನ್ನು ಕೇಳಿದಾಗ ಸಂತೋಷವಾಯಿತು.

ಬೇಸಿಗೆಯಲ್ಲಿ ಅಲ್ಲಿನವರು "ಶಾಲ್ಟಿಬಾರ್ಶ್ಚೆಯ್" ಮಾಡುತ್ತಾರೆ. ಬೀಟ್‌ರೂಟ್, ಮೊಸರಿನಂಥ ಕೆಫೀರ್, ಸೌತೆಕಾಯಿ, ಸಬ್ಬಸಿಗೆ, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಬಿಸಿ ಆಲೂಗಡ್ಡೆ. ಗುಲಾಬಿ ಬಣ್ಣ ಎಷ್ಟು ಗಾಢವೆಂದರೆ ಭಾಯಿ ಮೊದಲ ದಿನ ಅದನ್ನು ಸಿಹಿ ಎಂದುಕೊಂಡರಂತೆ. ಇದನ್ನು ಇಂಗ್ಲಿಷ್‌ನಲ್ಲಿ "ಕೋಲ್ಡ್ ಬೀಟ್‌ರೂಟ್ ಸೂಪ್" ಎಂದು ಅಜ್ಜಿ ಬಾಯಿಪಾಠ ಮಾಡುತ್ತಿದ್ದಾರೆ. ಇಲ್ಲಿ ನನ್ನದು ತಕರಾರು. ಬಿರಿಯಾನಿ ಎಲ್ಲ ದೇಶಕ್ಕೂ ಬಿರಿಯಾನಿಯಾಗಿಯೇ ಹೋಯಿತು. ಆ ಮಗು ಅಜ್ಜಿ ಮನೆಯಿಂದ ಒಂದು ಹೆಸರನ್ನಾದರೂ ನಾಲಿಗೆಯ ಮೇಲೆ ಇಟ್ಟುಕೊಂಡು ಹೋಗಬೇಕಾದರೆ ಅದು ಈ ಹೆಸರೇ ಆಗಬೇಕು. ಅಲ್ಲಿನ ತ್ರಾಕಾಯ್ ಊರಿನಲ್ಲಿ ಕರಾಯಿಮ್ ಎಂಬ ಸಣ್ಣ ಸಮುದಾಯವಿದೆ. ತುರ್ಕಿ ಬಳಗಕ್ಕೆ ಸೇರಿದ ಅವರ ಭಾಷೆ ಆಡುವವರು ಈಗ ಬೆರಳೆಣಿಕೆಯಷ್ಟು. ಆದರೆ ಅವರ ಕುರಿಮಾಂಸ ತುಂಬಿದ ಕಿಬಿನಾಯ್‌ನ ಹೆಸರು ದೇಶಕ್ಕೆಲ್ಲ ಗೊತ್ತು. ಆರು ನೂರು ವರ್ಷದಿಂದ ಅಲ್ಲಿರುವ ತಾತಾರ್ ಮುಸ್ಲಿಮರು ತಮ್ಮ ಭಾಷೆಯನ್ನು ಎಂದೋ ಕಳೆದುಕೊಂಡರು. ಭಾಯಿ ಜುಮಾಗೆ ಹೋಗುವ ಕೌನಸ್‌ನ ಮಸೀದಿ, 1930ರ ದಶಕದಲ್ಲಿ ಕಟ್ಟಿದ್ದು, ಅವರದೇ. ಅವರ ಗಸಗಸೆ ಹಾಕಿದ ಸಿಹಿತಿಂಡಿಗೆ ಈಗ ಲಿಥುವೇನಿಯನ್ ಹೆಸರು: ಶಿಮ್ತಲಾಪಿಸ್, "ನೂರು ಎಲೆ".

ಇಂಗ್ಲಿಷ್ ಇಲ್ಲದೆ ಬದುಕು ನಡೆಯುವುದಿಲ್ಲ, ಭಾವುಕರಾಗಬೇಡಿ ಎಂದು ನನ್ನ ಗೆಳತಿಯರೇ ಹೇಳುತ್ತಾರೆ. ನಾನೂ ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಕಾಮರ್ಸ್‌ನವಳಾಗಿ ಲೆಕ್ಕ ಮಾತ್ರ ಕೇಳುತ್ತಿದ್ದೇನೆ. ಪೂರ್ತಿ ಕಲಿಕೆಯನ್ನು ಅರವತ್ತು ದಾಟಿದವರ ಖಾತೆಗೇ ಡೆಬಿಟ್ ಮಾಡಿ, ಏಳು ವರ್ಷದವನ ಖಾತೆಯಲ್ಲಿ ಏನೂ ಬರೆಯದಿದ್ದರೆ ಹೇಗೆ? ಆ ದೇಶದಲ್ಲಿ 1864ರಿಂದ 1904ರವರೆಗೆ, ನಲವತ್ತು ವರ್ಷ, ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಮಾಡುವುದನ್ನು ರಷ್ಯದ ಚಕ್ರವರ್ತಿಗಳು ನಿಷೇಧಿಸಿದ್ದರು. ಜನ ಗಡಿಯಾಚೆಯಿಂದ ಪುಸ್ತಕ ಹೊತ್ತು ಕದ್ದು ತಂದರು, ತಾಯಂದಿರು ಮನೆಯಲ್ಲೇ ಮಕ್ಕಳಿಗೆ ಅಕ್ಷರ ಕಲಿಸಿದರು. ಅಂಥ ಮನೆಗಳ ಮೊಮ್ಮಗನಿಗೆ ಈಗ ಊಟಕ್ಕೆ ಕರೆಯಲು ಅಜ್ಜಿ ಪುಸ್ತಕ ತೆರೆಯಬೇಕಾಗಿದೆ.

ಒಂದು ಮಾತು ಪಾಠಪುಸ್ತಕ ಬರೆಯುವವರಿಗೆ. "ಇದೋ ಅದೋ" ಎಂದು ಕೇಳುವುದನ್ನು ಕಲಿಸುವ ದಿನವೇ "ಎರಡೂ ಬೇಡ" ಎನ್ನುವುದನ್ನೂ ಕಲಿಸಿ. ಭಾಯಿಗೆ ಮೊದಲ ವಾರ ಕ್ಯಾಂಟೀನಿನಲ್ಲಿ ಕೇಳಿದ್ದು "ಪೋರ್ಕ್ ಆರ್ ಚಿಕನ್?" ಒಂದು ಹರಾಮ್, ಇನ್ನೊಂದು ಹಲಾಲ್ ಹೌದೋ ಅಲ್ಲವೋ ತಿಳಿಯದು. "ನೈದರ್, ಥ್ಯಾಂಕ್ ಯೂ" ಎನ್ನಲು ಅವರಿಗೆ ಬಾಯಿ ಬರಲಿಲ್ಲ, ಸುಮ್ಮನೆ ತಟ್ಟೆ ಇಟ್ಟು ಬಂದರು. ಲಿಥುವೇನಿಯನ್‌ನಲ್ಲಿ ಬೇಡ ಎನ್ನುವಾಗ ನಿಷೇಧ ಎರಡೆರಡು ಸಲ ಬರುತ್ತದೆ. ಅದರಿಂದ ಅಜ್ಜಿ "ಐ ಡೋಂಟ್ ವಾಂಟ್ ನೈದರ್" ಎನ್ನುತ್ತಾರೆ. ವ್ಯಾಕರಣ ತಪ್ಪಿರಬಹುದು, ಬೇಡ ಎಂಬುದು ಮಾತ್ರ ಯಾರಿಗಾದರೂ ತಿಳಿಯುತ್ತದೆ.

ಬಕ್ರೀದ್‌ಗೆ ಚಾಚಾ ಮನೆಯವರು ಬರುತ್ತಿದ್ದಾರೆ. ಹುಡುಗನಿಗೆಂದು ಹತ್ತು ಪದಗಳ ಒಂದು ಚೀಟಿ ಬರೆದಿಟ್ಟಿದ್ದೇನೆ. ನಮ್ಮಲ್ಲಿ ಅನ್ನಕ್ಕೆ ಖಾನಾ ಎನ್ನುತ್ತೇವೆ, ಸಾರಿಗೆ ಸಾಲನ್, ಹೀಗೆ. ಮೊದಲ ಸಾಲಿನಲ್ಲಿ "ಹೋನಾ" ಎಂದು ಬರೆದಿದ್ದೇನೆ, ಎರಡನೆಯದರಲ್ಲಿ "ನಕ್ಕೊ".