ಉಚಿತ ಬೇರೆ, ಮುಕ್ತ ಬೇರೆ



"ಕನ್ನಡ ತಂತ್ರಾಂಶ ಪುಕ್ಕಟೆ ಸಿಗ್ತೈತಲ್ಲ, ಇನ್ನೇನು ಬೇಕ್ರಿ?" ಅನ್ನೋರಿಗೆ ಮೋಕದಿಂದ ನನ್ನ ಉತ್ತರ: ಹಕ್ಕು ಬೇಕು.

ನಮ್ಮ ಹಿರೇರಿಗೂ ನೀರು ಪುಕ್ಕಟೆನೇ ಸಿಗ್ತಿತ್ತು. ಅವರು ಮೇಲಿಂದ ಹೊಯ್ತಿದ್ರು, ನಾವು ಬೊಗಸೆ ಒಡ್ಡಬೇಕಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಗೆ ಇಳಿದದ್ದು ಈ ಬೊಗಸೆ ಬಾಳು ಮುಗಿಸೋಕೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಬರೆದವರು ಸತ್ತ ಮೇಲೂ 60 ವರ್ಷ ಬೀಗ. ಲೈಸೆನ್ಸ್ ಇಲ್ಲ ಅಂದ್ರೆ, ಸೋರ್ಸ್ ಕೋಡ್ ಕಣ್ಣಿಗೆ ಬಿದ್ರೂ ತಿದ್ದಿ ಹಂಚೋ ಹಕ್ಕು ನಮಗಿಲ್ಲ. ಜಿಪಿಎಲ್ ಲೈಸೆನ್ಸ್ ಅದೇ ಬೀಗವನ್ನ ಉಲ್ಟಾ ಹಾಕ್ತೈತಿ: ನೋಡು, ತಿದ್ದು, ಹಂಚು, ಆದ್ರೆ ತಿದ್ದಿ ಹಂಚಿದ್ದನ್ನ ಮುಂದಿನವರಿಗೂ ಮುಕ್ತವಾಗೇ ಬಿಡು. ಇದು ಯಾರದೋ ಉಪಕಾರ ಅಂತ ತಿಳೀಬ್ಯಾಡ್ರಿ. 2008ರಲ್ಲಿ ಜೇಕಬ್‌ಸನ್–ಕ್ಯಾಟ್ಜರ್ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಮುಕ್ತ ಲೈಸೆನ್ಸಿನ ಷರತ್ತು ಮುರಿದವರ ಮೇಲೆ ಕೃತಿಸ್ವಾಮ್ಯ ಕಾನೂನಿನಡಿ ದಾವೆ ಹೂಡಬಹುದು ಅಂದಿತು.

ಸರ್ಕಾರ ಮಾಡಿಸಿದ ಕೃತಿಯ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ಸರ್ಕಾರದ್ದೇ ಅಂತೈತಿ ಕಲಂ 17. ಅಂದ್ರೆ ಬೀಗದ ಕೈ ವಿಧಾನಸೌಧದಾಗೇ ಐತಿ! ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶ ನೀತಿ ತಂದದ್ದು 2015ರಲ್ಲಿ. 'ಗುಬ್ಬಿ' ಫಾಂಟ್ ಜಿಪಿಎಲ್ ಅಡಿ ಎಲ್ಲರ ಕೈಗೆ ಬಂದೈತಿ. ಹಂಗಿದ್ರೆ ಸರ್ಕಾರಕ್ಕೇನು ಕಷ್ಟ?

ನಮ್ಮ ತೆರಿಗೆಯಿಂದ ಮಾಡಿಸಿದ ಪ್ರತಿ ಕನ್ನಡ ತಂತ್ರಾಂಶದ ಸೋರ್ಸ್ ಕೋಡ್ ಜಿಪಿಎಲ್ ಅಡಿ ಹೊರಗೆ ಬರಲಿ. ಟೆಂಡರ್‌ನಲ್ಲೇ ಆ ಷರತ್ತು ಬರೀರಿ. ನಮ್ಮ ಕೇರಿ ಹುಡುಗಿ ಬರೇ ಟೈಪ್ ಮಾಡೋಳಾಗಿ ಉಳೀಬಾರ್ದು. ಆ ಕೋಡ್ ತೆರೆದು ತಿದ್ದೋ ಹಕ್ಕು ಅಕಿಗೂ ಐತಿ.