“ಚಿಕ್ಕ ಮಗ, ಮರ್ತೋಯ್ತದೆ” ಅನ್ನೋರಿಗೆ...

ನಮ್ಮದು ದಂಡಿಗನಹಳ್ಳಿ ಹೋಬಳಿ. ತಾಲ್ಲೂಕು ಚನ್ನರಾಯಪಟ್ಟಣ, ಓಟು ಹಾಕೋದು ಹೊಳೆನರಸೀಪುರ ಕ್ಷೇತ್ರಕ್ಕೆ. ಮೊನ್ನೆ ಊರಿಗೆ ಹೋದಾಗ ಪೇಪರಿನಲ್ಲಿ ಯಾವುದೋ ಜಿಲ್ಲೆಯ ಪೋಕ್ಸೋ ಕೇಸಿನ ಸುದ್ದಿ ಇತ್ತು. ಓದಿ ಹೇಳಿದೆ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ಅಂದರು, “ಪೊಲೀಸು ಗಿಲೀಸು ಅಂತ ಯಾಕೆ ಓದ್ರೋ? ಚಿಕ್ಕ ಮಗ, ಮರ್ತೋಯ್ತದೆ. ನಾಳೆ ಮದ್ವೆ ಆಗ್ಬೇಕಲ್ಲಪ್ಪ.”

ದೊಡ್ಡಮ್ಮ ಕೆಟ್ಟವರಲ್ಲ. ಆದರೆ ಈ ಮಾತಿದೆಯಲ್ಲ, ಇದು ಶುದ್ಧ ಸುಳ್ಳು. ಮಗು ಮರೆಯುವುದಿಲ್ಲ ಸ್ವಾಮಿ. ಮರೆಯುವವರು ನಾವು!

ಹೆದರಿಕೆ ಮಿತಿ ಮೀರಿದಾಗ, ಓಡಲೂ ಆಗದೆ ತಳ್ಳಲೂ ಆಗದೆ ಮೈ ಮರಗಟ್ಟಿಬಿಡುತ್ತದೆ. ಅದು ದೇಹ ತಾನಾಗಿ ಮಾಡುವ ಕೆಲಸ. ಮಗುವಿಗೆ ಇದು ಗೊತ್ತಿಲ್ಲ. “ನಾನ್ಯಾಕೆ ಕೂಗಲಿಲ್ಲ? ತಪ್ಪು ನಂದೇ ಇರಬೇಕು” ಅಂದುಕೊಳ್ಳುತ್ತದೆ. ಹೇಳಲು ಮಾತಿಲ್ಲದ ವಯಸ್ಸಿನಲ್ಲಿ ಮೈಯೇ ಹೇಳುತ್ತದೆ. ಡಾಕ್ಟರಿಗೆ ಕಾರಣ ಸಿಗದ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗೋದು, ಒಬ್ಬರ ಮನೆಗೆ ಮಾತ್ರ ಹೋಗಲ್ಲ ಅನ್ನುವ ಹಟ. ಸ್ವಲ್ಪ ದೊಡ್ಡ ಮಕ್ಕಳಾದರೆ ಮಾರ್ಕ್ಸ್ ಬೀಳುತ್ತದೆ, ಸಿಟ್ಟು ಬರುತ್ತದೆ, ಕೈ ಕುಯ್ದುಕೊಳ್ಳುತ್ತಾರೆ, ಸಾಯುವ ಮಾತಾಡುತ್ತಾರೆ. (ಇವೆಲ್ಲ ಬೇರೆ ಕಾರಣಕ್ಕೂ ಬರಬಹುದು. ಆದರೆ ಕೇಳಿ ನೋಡೋಣ ಅಂತ ನಮಗೆ ಅನ್ನಿಸುವುದೇ ಇಲ್ಲ.) ನಾವು ಮಾಡೋದೇನು? ಯಂತ್ರ ಕಟ್ಟಿಸುತ್ತೇವೆ. ಇಲ್ಲವೇ ಬೆನ್ನಿಗೆ ನಾಲ್ಕು ಬಿಡುತ್ತೇವೆ. ಇನ್ನು ಕೆಲವು ಮಕ್ಕಳು ಏನನ್ನೂ ತೋರಿಸುವುದೇ ಇಲ್ಲ. ಅದನ್ನೇ ನಾವು “ಮರೆತಿದೆ” ಅನ್ನೋದು. ಹತ್ತು ಹದಿನೈದು ವರ್ಷ ಬಿಟ್ಟು, ಮದುವೆಯಾದ ಮೇಲೋ ಹೆರಿಗೆಯಾದ ಮೇಲೋ ಅದು ಎದ್ದು ಕೂರುತ್ತದೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. 53.22% ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಅಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು! ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಜನ ಪರಿಚಯದವರು, ಮಗು ನಂಬಿದ್ದವರು. ಬಹುತೇಕ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಹಾಗಂತ ನಾವು ಎದೆಯುಬ್ಬಿಸಬೇಕಿಲ್ಲ.

ಯಾಕೆ ಹೇಳಲ್ಲ ಅಂತ ಕೇಳ್ತೀರಾ? 2024ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಚುನಾವಣೆ ಹೊತ್ತಿಗೆ ಹಾಸನದ ತುಂಬ ಪೆನ್‌ಡ್ರೈವ್. ಹೆಂಗಸರ ಮುಖ ಕೂಡ ಮರೆಮಾಡಿರಲಿಲ್ಲ. ಟೀ ಅಂಗಡಿಯಲ್ಲಿ ನಾಲ್ಕು ಜನ ಒಂದು ಮೊಬೈಲಿಗೆ ಬಗ್ಗಿ, “ಇವಳು ಅವರ ಮನೆಯವಳಲ್ವಾ” ಅಂತ ಗುರುತು ಹಿಡಿಯುತ್ತಿದ್ದರು. ಎಷ್ಟೋ ಹೆಣ್ಣುಮಕ್ಕಳು ಮನೆ ಬಿಟ್ಟು ಹೋದರು ಅಂತ ಪತ್ರಿಕೆಗಳಲ್ಲೇ ಬಂತು. ಮುಂದೆ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅಪರಾಧಿ ಅಂದಿತು, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಅದು ಸಾಧ್ಯವಾದದ್ದು ಮನೆಗೆಲಸದ ಒಬ್ಬ ಹೆಂಗಸು ಗಟ್ಟಿಯಾಗಿ ನಿಂತು ಸಾಕ್ಷಿ ಹೇಳಿದ್ದರಿಂದ.

ಆಕೆ ದೊಡ್ಡವರು, ಮಗುವಲ್ಲ, ನಿಜ. ಆದರೆ ಟೀ ಅಂಗಡಿ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಾ ಏಳನೇ ಕ್ಲಾಸಿನ ಹುಡುಗಿಯೋ ಹುಡುಗನೋ ನಿಂತಿರಲಿಲ್ಲವೇ? ಆ ಮಗುವಿಗೂ ಹೇಳಬೇಕಾದ್ದು ಏನೋ ಇದ್ದಿದ್ದರೆ? ಬಾಯಿಬಿಟ್ಟರೆ ಊರು ಏನು ಮಾಡುತ್ತದೆ ಅಂತ ಅವತ್ತು ನಾವು ಚೆನ್ನಾಗಿ ಪಾಠ ಮಾಡಿದೆವು.

ನಾನೇನು ಸಾಚಾ ಅಲ್ಲ. ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗುಂಪಿಗೂ ಬಂತು. ತೆರೆಯಲಿಲ್ಲ, ಗುಂಪಿನಿಂದ ಹೊರಬಂದೆ, ಅಷ್ಟೇ. “ಡಿಲೀಟ್ ಮಾಡ್ರೋ, ಇದು ಅಪರಾಧ” ಅಂತ ಒಂದು ಸಾಲು ಬರೆಯುವ ಧೈರ್ಯ ಆಗಲಿಲ್ಲ. ಆ ನಾಚಿಕೆ ಇನ್ನೂ ಇದೆ.

“ಮರೆಯುತ್ತೆ” ಅನ್ನೋದು ಎಷ್ಟು ಸುಳ್ಳೋ, “ಬಾಳೇ ಹಾಳಾಯ್ತು” ಅಂತ ಟಿವಿಯವರು ಕೂಗೋದೂ ಅಷ್ಟೇ ಸುಳ್ಳು. ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮೊದಲು ಕೇಳಿಸಿಕೊಂಡವರು ಏನಂದರು ಅನ್ನೋದರ ಮೇಲೆ ಅದು ತುಂಬಾ ನಿಂತಿದೆ. “ನಂಬ್ತೀನಿ ಮಗ, ತಪ್ಪು ನಿಂದಲ್ಲ, ಹೇಳಿದ್ದು ಒಳ್ಳೇದಾಯ್ತು.” ಇಷ್ಟು ಸಾಕು. ಹತ್ತು ಸಲ ಕೆದಕಬೇಡಿ. ಆಮೇಲೆ ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416 ಇದೆ.

ಪೊಲೀಸ್ ಠಾಣೆ ಅಂದರೆ ದೊಡ್ಡಮ್ಮನ ಹೆದರಿಕೆ ಸುಳ್ಳಲ್ಲ. ಆದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ಮಗುವಿನ ಗುರುತು ಹೊರಗೆ ಬಿಡುವಂತಿಲ್ಲ. ಗೊತ್ತಿದ್ದೂ ತಿಳಿಸದೆ ಮುಚ್ಚಿಟ್ಟರೆ ಅದೇ ಅಪರಾಧ. ಕಾಗದದ ಮೇಲಿರುವುದೆಲ್ಲ ನಡೆಯುತ್ತಿಲ್ಲ ಅಂದರೆ, ನಡೆಸಿ ಅಂತ ಕೇಳೋಣ. ಮಗುವಿನ ಬಾಯಿ ಮುಚ್ಚಿಸೋದು ಅದಕ್ಕೆ ಉತ್ತರವಲ್ಲ.

ಇದನ್ನೆಲ್ಲ ದೊಡ್ಡಮ್ಮನಿಗೂ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ತಲೆ ಎತ್ತದೆ, “ನಮ್ಗೆ ಯಾರೂ ಹಂಗೆ ಕೇಳ್ನೇ ಇಲ್ಲ ಕಣಪ್ಪ” ಅಂದರು. ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದ್ದಾರಾ?