ನಿನ್ನ, ನಿಮ್ಮ, ತಮ್ಮ

ಕನಕಪುರದ ನಮ್ಮ ಮರಳವಾಡಿಯ ಕಡೆ ಹೊಸ ಹುಡುಗನೊಬ್ಬ ಕಂಡರೆ ಹಿರಿಯರು ಕೇಳುವುದು ಹೀಗೆ: “ನಿನ್ನ ಹೆಸರೇನು? ನಿಮ್ಮಪ್ಪ ಯಾರು? ನಿಮ್ಮೂರು ಯಾವುದು?” ಹುಡುಗ ಒಬ್ಬನೇ, ಆದರೂ ಹೆಸರು ‘ನಿನ್ನ’, ಅಪ್ಪನೂ ಊರೂ ‘ನಿಮ್ಮ’. ಹೆಸರು ಒಬ್ಬನ ಸ್ವತ್ತು, ಮನೆಯೂ ಊರೂ ಹಲವರ ಸ್ವತ್ತು ಎಂಬ ವಿವೇಕ ಈ ಮಾತಿನಲ್ಲಿ ಅಡಗಿದೆ. ವ್ಯಾಕರಣವನ್ನೋದದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ.

ಈ ಎರಡು ಷಷ್ಠೀರೂಪಗಳು ಹಳಗನ್ನಡದಿಂದಲೂ ಹೆಚ್ಚು ಕಡಮೆ ಹಾಗೆಯೇ ಉಳಿದು ಬಂದಿವೆ. ಬದಲಾದುದು ಅವುಗಳ ಬಳಕೆ. ಬಹುವಚನದ ‘ನಿಮ್ಮ’ ಒಬ್ಬರಿಗೇ ಸಲ್ಲುವ ಗೌರವವಾಯಿತು. 12ನೆಯ ಶತಮಾನದ ಬಸವಣ್ಣನವರ ವಚನಗಳಲ್ಲಿ ದೇವರಿಗೆ ‘ನಿನ್ನ’ ಎಂಬುದೂ ಉಂಟು, ‘ನಿಮ್ಮ’ ಎಂಬುದೂ ಉಂಟು. ಇವೆರಡೂ ಸಾಲದೆಂದು ‘ತಮ್ಮ’ ಸೇರಿಕೊಂಡಿತು. ಮೂಲತಃ ಇದು ಪ್ರಥಮಪುರುಷದ ಪದ. ಆದ್ದರಿಂದಲೇ “ಅವರು ತಮ್ಮ ಮನೆಗೆ ಹೋದರು” ಎಂದರೆ ಯಾರ ಮನೆಗೆಂಬ ಸಂದೇಹ ಹುಟ್ಟುತ್ತದೆ.

ಈ ತೊಡಕು ನಮ್ಮೊಬ್ಬರದಲ್ಲ. 1510ರಿಂದ 1961ರವರೆಗೆ ಗೋವೆಯನ್ನಾಳಿದ ಪೋರ್ಚುಗೀಸರ ನುಡಿಯಲ್ಲಿ ‘ತೇವು’ ಎಂದರೆ ನಿನ್ನ, ‘ಸೇವು’ ಎಂದರೆ ಅವನ. ‘ತಮ್ಮ ಕೃಪೆ’ ಎಂಬರ್ಥದ ‘ವೊಸ್ಸ ಮೆರ್ಸೆ’ ಸವೆದು ‘ವೊಸೆ’ ಎಂಬ ಸರ್ವನಾಮವಾಯಿತು. ಅದಕ್ಕೆ ಪ್ರಥಮಪುರುಷದ ಕ್ರಿಯಾಪದವೇ ಸೇರುವುದರಿಂದ ‘ಸೇವು’ ಎಂಬುದಕ್ಕೆ ‘ನಿಮ್ಮ’ ಎಂಬ ಅರ್ಥವೂ ಬಂದಿತು. ಗೊಂದಲ ತಪ್ಪಿಸಲು ‘ಅವನ’ ಎಂಬಲ್ಲಿ ‘ದೆಲೆ’ ಎನ್ನುವುದು ಈಗ ರೂಢಿ.

ಪದಗಳ ಗೊಂದಲ ಹೀಗೆ ಪರಿಹಾರವಾಗಬಹುದು. ಮನಸ್ಸಿನದು ಅಷ್ಟು ಸುಲಭವಲ್ಲ. ಒಮ್ಮೆ ಕಚೇರಿಯೊಂದರಲ್ಲಿ, ಎಪ್ಪತ್ತು ದಾಟಿದ ನನ್ನ ತಾತನನ್ನು ಎಳೆಯ ಗುಮಾಸ್ತರೊಬ್ಬರು “ನಿನ್ನ ಪಹಣಿ ಎಲ್ಲಿ?” ಎಂದು ಗದರಿದರು. “ತಮ್ಮ ಕೈಯಲ್ಲೇ ಇದೆ, ಸ್ವಾಮಿ” ಎಂದರು ತಾತ. ಅವರೇ ನನ್ನ ಕಡೆ ತಿರುಗಿ “ನಿಮ್ಮ ಕೆಲಸವೇನು?” ಎಂದರು. ತಾತ ಉಟ್ಟಿದ್ದುದು ಮಾಸಿದ ಪಂಚೆ, ನಾನು ತೊಟ್ಟಿದ್ದುದು ಇಸ್ತ್ರಿಯ ಷರಾಯಿ. ನನಗೆ ದೊರೆತ ಆ ‘ನಿಮ್ಮ’ ನನ್ನನ್ನು ಇಂದಿಗೂ ಚುಚ್ಚುತ್ತಿದೆ.

ಹಳ್ಳಿಗರು ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಾರಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಆದರೆ ಅವರು ಕೊಟ್ಟ ಏಕವಚನವನ್ನು ನಗುತ್ತ ಹಿಂದಕ್ಕೂ ಪಡೆಯುತ್ತಾರೆ. ತಾಯಿಗೆ, ಗೆಳೆಯನಿಗೆ, ದೇವರಿಗೆ ಆಡುವ ‘ನಿನ್ನ’ ಅಕ್ಕರೆಯದು, ಅದು ಅಳಿಯಬೇಕಿಲ್ಲ. ಎರಡು ಕಡೆಯಿಂದಲೂ ಹರಿದರೆ ಅದು ಸಲಿಗೆ. ಮೇಲಿನಿಂದ ಮಾತ್ರ ಇಳಿದರೆ ತುಳಿತ. ಜಾತಿಯನ್ನೂ ಬಟ್ಟೆಯನ್ನೂ ಅಳೆದು ಸರ್ವನಾಮವನ್ನು ಆರಿಸುವ ಚಾಳಿ ತೊಲಗಬೇಕೆಂಬುದೇ ನನ್ನ ಅಭಿಪ್ರಾಯ.

ಪರಿಚಯವಿಲ್ಲದ ಹಿರಿಯರೆಲ್ಲರಿಗೂ ‘ನಿಮ್ಮ’ ಎನ್ನುವುದನ್ನು ವಿದ್ಯಾರ್ಥಿಗಳಾದ ನಾವೇ ಮೊದಲು ರೂಢಿಸಿಕೊಳ್ಳೋಣ. ಇದಕ್ಕೆ ಕಾಸಿನ ಖರ್ಚಿಲ್ಲ. ಒಂದು ಅಕ್ಷರದ ವ್ಯತ್ಯಾಸ, ಅಷ್ಟೆ.